ಕೆಫೆ ವೈಫೈಗೆ ಪಾಸ್‌ವರ್ಡ್ ಇದ್ದರೆ ಸಾಕೇ?

ಪ್ರಶ್ನೆ: ವಿಮೆ ಕಂಪನಿಯ ಫೀಲ್ಡ್ ಕೆಲಸ ನನ್ನದು. ಜಯನಗರ, ಮೆಜೆಸ್ಟಿಕ್ ಕಡೆ ಓಡಾಡುವಾಗ ಕೆಫೆ ಅಥವಾ ರೈಲು ನಿಲ್ದಾಣದ ವೈಫೈನಲ್ಲೇ ಗ್ರಾಹಕರ ಆಧಾರ್, ಪ್ಯಾನ್ ಪ್ರತಿಗಳನ್ನು ಕಳಿಸುತ್ತೇನೆ. ಕೆಫೆಯವರು ಪಾಸ್‌ವರ್ಡ್ ಕೊಡುತ್ತಾರಲ್ಲ, ಭಯವಿಲ್ಲ ತಾನೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಗೋಡೆಗೆ ಅಂಟಿಸಿದ ಪಾಸ್‌ವರ್ಡ್ ಪಕ್ಕದ ಟೇಬಲಿನವರಿಗೂ ಗೊತ್ತಿರುತ್ತದೆ. ರೂಟರ್ ಡಬ್ಲ್ಯುಪಿಎ2 (ವೈಫೈ ಮಾಹಿತಿಗೆ ಬೀಗ ಹಾಕುವ ಹಳೆಯ ವಿಧಾನ) ಬಳಸುತ್ತಿದ್ದರೆ, ಆ ಪಾಸ್‌ವರ್ಡ್ ತಿಳಿದವರು ನಿಮ್ಮ ಫೋನ್ ವೈಫೈಗೆ ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡು, ಆಮೇಲೆ ಹರಿಯುವ ಮಾಹಿತಿಯ ವೈಫೈ ಬೀಗ ಬಿಚ್ಚಬಹುದು. ಅದರ ಹೊಸ ಆವೃತ್ತಿಯಾದ ಡಬ್ಲ್ಯುಪಿಎ3ರಲ್ಲಿ ಇದು ಆಗದು. ಹಾಗೆ ಬಿಚ್ಚಿದರೂ ಎಚ್‌ಟಿಟಿಪಿಎಸ್ (ಫೋನಿಗೂ ತಾಣಕ್ಕೂ ನಡುವಿನ ಪ್ರತ್ಯೇಕ ಬೀಗ) ಇರುವ ತಾಣದಲ್ಲಿ ನೀವು ಕಳಿಸಿದ ಕಾಗದಪತ್ರ ಓದಲು ಸಿಗುವುದಿಲ್ಲ. ಯಾವ ತಾಣಕ್ಕೆ ಹೋದಿರಿ ಎಂಬುದು ಮಾತ್ರ ಸಾಮಾನ್ಯವಾಗಿ ತಿಳಿಯುತ್ತದೆ.

ನಿಜವಾದ ಅಪಾಯ ನಕಲಿ ವೈಫೈ. ವೈಫೈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಪಾಸ್‌ವರ್ಡ್ ಇಲ್ಲದ ನಿಲ್ದಾಣದ ವೈಫೈಗೆ ಒಮ್ಮೆ ಸೇರಿದ ಫೋನ್, ಅದೇ ಹೆಸರಿನ ಇನ್ನೊಂದು ಸಿಕ್ಕರೆ ನಿಮ್ಮನ್ನು ಕೇಳದೆಯೇ ಸೇರಿಕೊಳ್ಳಬಹುದು. ಆದ್ದರಿಂದ ಕೆಲಸ ಮುಗಿದ ಕೂಡಲೇ ಆ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಡಿ. ಉಳಿಸಿಕೊಳ್ಳಲೇಬೇಕಿದ್ದರೆ ‘ಆಟೋ ಕನೆಕ್ಟ್’ ಆಫ್ ಮಾಡಿ.

ವೈಫೈಗೆ ಸೇರುವಾಗ ತೆರೆಯುವ ಲಾಗಿನ್ ಪುಟ ಮೊಬೈಲ್ ನಂಬರ್, ಓಟಿಪಿ ಕೇಳುವುದು ಸಹಜ. ಆದರೆ ಬಂದ ಎಸ್ಎಂಎಸ್ ಪೂರ್ತಿ ಓದಿ. ಅದರಲ್ಲಿ ವೈಫೈ ಬದಲು ಬ್ಯಾಂಕ್, ಯುಪಿಐ ಅಥವಾ ವಾಟ್ಸಾಪ್ ಹೆಸರಿದ್ದರೆ ಓಟಿಪಿ ಹಾಕಲೇಬೇಡಿ. ಇಮೇಲ್ ಪಾಸ್‌ವರ್ಡ್ ಕೇಳಿದರೆ, ಆ್ಯಪ್ ಅಥವಾ ಸರ್ಟಿಫಿಕೇಟ್ (ತಾಣ ಅಸಲಿ ಎಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರ) ಇನ್‌ಸ್ಟಾಲ್ ಮಾಡಿ ಎಂದರೆ ಅಲ್ಲಿಂದ ಹೊರಬನ್ನಿ. ಲಾಗಿನ್ ಆದ ಮೇಲೂ ಗೊತ್ತಿರುವ ತಾಣಗಳಲ್ಲಿ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತಿದ್ದರೆ ಮೊದಲು ಫೋನಿನ ದಿನಾಂಕ ನೋಡಿ. ಅದು ಸರಿಯಿದ್ದರೆ ವೈಫೈ ಮೇಲೆಯೇ ಅನುಮಾನಪಡಿ. ‘ಪ್ರೊಸೀಡ್’ ಒತ್ತಬೇಡಿ.

ಕಂಪನಿ ವಿಪಿಎನ್ (ನಿಮ್ಮ ಮಾಹಿತಿಯನ್ನು ಬೀಗ ಹಾಕಿದ ಸುರಂಗದಲ್ಲಿ ಸಾಗಿಸುವ ವ್ಯವಸ್ಥೆ) ಕೊಟ್ಟಿದ್ದರೆ ತಪ್ಪದೇ ಬಳಸಿ. ವಿಪಿಎನ್ ಆನ್ ಇದ್ದಾಗ ಲಾಗಿನ್ ಪುಟವೇ ತೆರೆಯದೆ ಅನೇಕರು ಒದ್ದಾಡುತ್ತಾರೆ. ಆ ಪುಟ ವಿಪಿಎನ್ ಸುರಂಗದ ಹೊರಗಿರುವುದೇ ಕಾರಣ. ಮೇಲ್, ಆಫೀಸ್ ಆ್ಯಪ್‌ಗಳನ್ನು ಮುಚ್ಚಿ, ವಿಪಿಎನ್ ಆಫ್ ಮಾಡಿ ಲಾಗಿನ್ ಆಗಿ, ಮತ್ತೆ ಆನ್ ಮಾಡಿದ ಮೇಲಷ್ಟೇ ಕೆಲಸ ಶುರು ಮಾಡಿ. ನೀವು ಹೆಸರೇ ಕೇಳಿರದ ಉಚಿತ ವಿಪಿಎನ್ ಬೇಡ. ವೈಫೈಯವರ ಬದಲು ಆ ವಿಪಿಎನ್‌ನವರ ಕೈಗೆ ನಿಮ್ಮ ಓಡಾಟವನ್ನೆಲ್ಲ ಒಪ್ಪಿಸಿದಂತಾಗುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ (ಅದೇ ವೈಫೈನಲ್ಲಿರುವ ಇತರರಿಗೆ ಲ್ಯಾಪ್‌ಟಾಪ್ ಕಾಣದಂತೆ ಮಾಡುವ ಆಯ್ಕೆ) ಎಂದೇ ಇರಲಿ.

ಇಷ್ಟೆಲ್ಲ ಇದ್ದರೂ, ಆಧಾರ್ ಪ್ರತಿ ನಿಮ್ಮನ್ನು ನಂಬಿ ಕೊಟ್ಟ ಗ್ರಾಹಕರದ್ದು. ಅದನ್ನು ನಿಮ್ಮ ಮೊಬೈಲ್ ಡೇಟಾದಲ್ಲೇ ಕಳಿಸಿ.

ಪ್ರಶ್ನೆ: ಹಾಟ್‌ಸ್ಪಾಟ್‌ನಲ್ಲಿ ಡಬ್ಲ್ಯುಪಿಎ3 ಆರಿಸಿದ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಸೇರುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಯಶವಂತಪುರ

ಉತ್ತರ: ಹಳೆಯ ವೈಫೈ ಕಾರ್ಡ್‌ಗೆ ಡಬ್ಲ್ಯುಪಿಎ3 ಬಾರದಿರಬಹುದು. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಮಿಶ್ರ ಆಯ್ಕೆ ಇಡಿ. ಪಾಸ್‌ವರ್ಡ್ 12 ಅಕ್ಷರಕ್ಕಿಂತ ಉದ್ದವಿರಲಿ, ಮೊಬೈಲ್ ನಂಬರ್ ಬೇಡ. ಹಾಟ್‌ಸ್ಪಾಟ್‌ಗೆ ನಿಮ್ಮ ಹೆಸರನ್ನೂ ಇಡಬೇಡಿ.