ಹೊಗಳಿದಷ್ಟೂ ಸಿಡುಕುವ ಮಗಳು

ಪ್ರಶ್ನೆ: ಮಗಳಿಗೆ 14 ವರ್ಷ. ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ, ಆದರೆ ಈಚೆಗೆ ಬಿಡಿಸಿದ್ದನ್ನೆಲ್ಲ ಹರಿದು ಹಾಕುತ್ತಾಳೆ. ಗುಂಪು ಫೋಟೊ ಎಂದರೆ ದೂರ ಓಡುತ್ತಾಳೆ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನ್ನುತ್ತಾಳೆ. ನೀನು ಚೆಂದ, ಜಾಣೆ ಎಂದು ಎಷ್ಟು ಹೇಳಿದರೂ ಸಿಡುಕುತ್ತಾಳೆ. ಅವಳ ಅಕ್ಕ ಈ ವಯಸ್ಸಿನಲ್ಲಿ ಹೀಗಿರಲಿಲ್ಲ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಆ ಹೊಗಳಿಕೆ ನಿಲ್ಲಿಸಿ. ನಿಮ್ಮ ಪ್ರೀತಿ ಸುಳ್ಳಲ್ಲ. ಆದರೆ ಅವಳ ಕಿವಿಗೆ ಅದು ‘ಅಮ್ಮ ಅಲ್ವಾ, ಹೇಳಲೇಬೇಕು’ ಅಂತಲೇ ಬೀಳುತ್ತದೆ.

ಹದಿವಯಸ್ಸಿಗೆ ಬಂದ ಮಕ್ಕಳಲ್ಲಿ ಊಹಿಸುವ, ಹೋಲಿಸಿ ನೋಡುವ ಶಕ್ತಿ ಬಲಿಯುತ್ತದೆ. ಅದರ ಮೊದಲ ಏಟು ತಮ್ಮ ಮೇಲೆಯೇ. ‘ನಾನು ಹೀಗಿದ್ದೇನೆ’ ಎಂಬುದರ ಪಕ್ಕದಲ್ಲಿ ‘ಹೀಗಿರಬೇಕಿತ್ತು’ ಎಂಬ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಲೆಕ್ಕದಂತೆ ಬರೆದಿಟ್ಟರು: ಸಾಧನೆಯನ್ನು ಆಕಾಂಕ್ಷೆಯಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ಆಕಾಂಕ್ಷೆ ಬೆಳೆದಷ್ಟೂ ಉತ್ತರ ಕುಗ್ಗುತ್ತದೆ. ನೀವು ಮೇಲಿನ ಅಂಕಿಯನ್ನು ಹೊಗಳಿ ಹೊಗಳಿ ಹಿಗ್ಗಿಸಲು ನೋಡುತ್ತಿದ್ದೀರಿ. ತೊಡಕಿರುವುದು ಕೆಳಗಿನದರಲ್ಲಿ.

ಆ ಕೆಳಗಿನ ಅಂಕಿಯನ್ನು, ಅಂದರೆ ಆಕಾಂಕ್ಷೆಯನ್ನು, ಅವಳ ಮನಸ್ಸಿನಲ್ಲಿ ಬರೆದವರು ಯಾರು? ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟಬೇಡಿ. ಮಕ್ಕಳು ‘ನಾನು ಆಗಬಯಸುವುದು’ ಮತ್ತು ‘ಇವರಿಗಾಗಿ ಆಗಲೇಬೇಕಾದದ್ದು’ ಎರಡನ್ನೂ ಹೊತ್ತು ತಿರುಗುತ್ತಾರೆ. ಮೊದಲನೆಯದು ಕೈಗೂಡದಿದ್ದರೆ ಮನಸ್ಸು ಕುಸಿಯುತ್ತದೆ, ಎರಡನೆಯದಾದರೆ ಹೆದರಿಕೆ, ತಪ್ಪಿತಸ್ಥ ಭಾವ. ನಿಮ್ಮ ಚಿಕ್ಕ ಪತ್ರದಲ್ಲೂ ಅಕ್ಕ ಬಂದುಬಿಟ್ಟಿದ್ದಾಳೆ, ಗಮನಿಸಿದಿರಾ? ಮನೆಯಲ್ಲಿ ಆ ಮಾತು ಬರುವುದಿಲ್ಲ ಎಂದು ನಾನಂತೂ ನಂಬಲಾರೆ.

ಮುಂದಿನ ಸಲ ಅವಳು ಹಾಳೆ ಹರಿಯಲು ಹೊರಟಾಗ ‘ಅಯ್ಯೋ, ಎಷ್ಟು ಚೆನ್ನಾಗಿದೆ’ ಅನ್ನಬೇಡಿ. ‘ಎಲ್ಲಿ ಸರಿಬಂದಿಲ್ಲ, ತೋರಿಸು’ ಅನ್ನಿ. ‘ಈ ಬೆರಳುಗಳು ನೋಡು, ಕಡ್ಡಿ ಥರ ಇವೆ’ ಅಂದಳೋ, ಅರ್ಧ ಕೆಲಸ ಆಯಿತು. ‘ನಾನು ಲಾಯಕ್ಕಿಲ್ಲ’ ಎಂಬುದಕ್ಕೆ ಮದ್ದಿಲ್ಲ. ಬೆರಳು ಬರುತ್ತಿಲ್ಲ ಎಂಬುದಕ್ಕೆ ಅಭ್ಯಾಸವಿದೆ. ಬೆರಳು ನಿಜಕ್ಕೂ ಕಡ್ಡಿಯಂತಿದ್ದರೆ ಹೌದು ಎಂದೇ ಹೇಳಿ. ಆಮೇಲೆ ನೀವು ಮೆಚ್ಚಿದರೆ ಅವಳು ನಂಬುತ್ತಾಳೆ.

ಫೋಟೊಗೆ ಒತ್ತಾಯ ಬೇಡ. ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಎನ್ನಿಸುವುದು ಈ ವಯಸ್ಸಿನ ಸಹಜ ಲಕ್ಷಣ. ಬಹುಪಾಲು ಮಕ್ಕಳಲ್ಲಿ ತಾನಾಗಿ ಸಡಿಲಾಗುತ್ತದೆ.

ಆದರೆ ಊಟ, ನಿದ್ದೆ ಕೆಟ್ಟು, ಗೆಳತಿಯರನ್ನೂ ಬಿಟ್ಟು, ಈ ಬೇಸರ ಎರಡು ವಾರ ದಾಟಿದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಸಾಯುವ ಮಾತಾಡಿದರೆ, ಮೈಮೇಲೆ ಗಾಯ ಮಾಡಿಕೊಂಡಿದ್ದು ಕಂಡರೆ ಒಂದು ದಿನವೂ ಕಾಯದೆ ಮನೋವೈದ್ಯರ ಬಳಿ ಕರೆದೊಯ್ಯಿರಿ.