ಪಿಕಪ್ಪಿನ ಲೋಡ್ ಬಾಡಿಯಲ್ಲಿ ತುಕ್ಕು: ಲೈನರನ್ನು ನಾವೇ ಬಳಿಯಬಹುದೇ?

ಪ್ರಶ್ನೆ: ನಮ್ಮ ಪಿಕಪ್ಪಿನಲ್ಲಿ ಆಲೆಮನೆಯಿಂದ ಮಂಡ್ಯದ ಎಪಿಎಂಸಿಗೆ ಬೆಲ್ಲ, ಬರುವಾಗ ಸೊಸೈಟಿಯಿಂದ ಗೊಬ್ಬರ, ಕೆಲವೊಮ್ಮೆ ಮದ್ದೂರಿನ ಮಾರುಕಟ್ಟೆಗೆ ಎಳನೀರು ಸಾಗಿಸುತ್ತೇವೆ. ತಳದ ತಗಡಿನಲ್ಲಿ ಬಣ್ಣ ಕಿತ್ತುಬಂದು ಅಲ್ಲಲ್ಲಿ ತುಕ್ಕು ಹಿಡಿದಿದೆ. ರೋಲರಿನಿಂದ ಬಳಿಯುವ ಲೈನರ್ ಡಬ್ಬಿಗಳು ಸಿಗುತ್ತವೆಂದು ತಿಳಿಯಿತು. ಮನೆಯ ಅಂಗಳದಲ್ಲಿ ನಾವೇ ಬಳಿದರೆ ಅದು ಬಾಳಿಕೆ ಬರುತ್ತದೆಯೇ? ತುಕ್ಕಿನ ಮೇಲೆಯೇ ಬಳಿದರೆ ತುಕ್ಕು ಅಲ್ಲಿಗೇ ನಿಲ್ಲುತ್ತದೆಯೇ?
— ಓದುಗರು, ಪಾಂಡವಪುರ

ಉತ್ತರ: ನೀವೇ ಬಳಿಯಬಹುದು, ಚೆನ್ನಾಗಿಯೂ ಬಾಳಿಕೆ ಬರುತ್ತದೆ; ಆದರೆ ತುಕ್ಕಿನ ಮೇಲೆ ಮಾತ್ರ ಖಂಡಿತ ಬಳಿಯಬೇಡಿ. ಲೈನರ್ ಎಂಬುದು ಪಾಲಿಯುರೆಥೇನ್ ಎಂಬ ಅಂಟಿನಂಥ ವಸ್ತುವಿಗೆ ರಬ್ಬರಿನ ಸಣ್ಣ ಹರಳುಗಳನ್ನು ಬೆರೆಸಿದ ದಪ್ಪ ಲೇಪ. ಅದು ತಗಡನ್ನು ಬಿಗಿಯಾಗಿ ಹಿಡಿದಿರುವಷ್ಟು ಕಾಲ ಮಾತ್ರ ಕಾಪಾಡುತ್ತದೆ. ಕೆಳಗೆ ಸಡಿಲವಾದ ತುಕ್ಕಿನ ಪದರವಿದ್ದರೆ ಲೇಪವು ತಗಡಿಗೆ ಅಂಟದೆ ತುಕ್ಕಿಗೆ ಅಂಟಿಕೊಳ್ಳುತ್ತದೆ, ಒಂದು ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಎದ್ದುಬರುತ್ತದೆ. ಅಷ್ಟೇ ಅಲ್ಲ, ಕಣ್ಣಿಗೆ ಬೀಳುವ ತುಕ್ಕನ್ನಾದರೂ ಕೆರೆದು ತೆಗೆಯಬಹುದು. ಲೈನರಿನ ಅಡಿಯಲ್ಲಿ ಹಬ್ಬುವ ತುಕ್ಕು ತಗಡು ತೂತಾದ ಮೇಲೆಯೇ ಗೊತ್ತಾಗುವುದು.

ನೀವು ಸಾಗಿಸುವ ಸರಕನ್ನು ನೋಡಿದರೆ ಈ ಎಚ್ಚರಿಕೆ ನಿಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ಪದಾರ್ಥವಾದ್ದರಿಂದ ಉದುರಿದ ಪುಡಿ ತಗಡನ್ನು ಸದಾ ಹಸಿಯಾಗಿಡುತ್ತದೆ. ರೈತರು ಪೊಟ್ಯಾಷ್ ಎಂದು ಕರೆಯುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್ ಆಗಿದ್ದು, ಅಡುಗೆ ಉಪ್ಪಿನ ಹಾಗೆಯೇ ಕಬ್ಬಿಣವನ್ನು ತಿನ್ನುತ್ತದೆ. ಆ ಉಪ್ಪು ತುಕ್ಕಿನ ಸಣ್ಣ ಗುಳಿಗಳಲ್ಲಿ ಉಳಿದುಕೊಂಡರೆ, ಮೇಲೆ ಎಂಥ ಬಣ್ಣ ಬಳಿದರೂ ಅದು ತೇವವನ್ನು ಸೆಳೆದು ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ತಂತಿ ಬ್ರಷ್ಷಿನಿಂದಲೋ ಗ್ರೈಂಡರಿನಿಂದಲೋ ಬಿಳಿ ಲೋಹ ಕಾಣುವವರೆಗೆ ತುಕ್ಕು ತೆಗೆದ ನಂತರ, ಗುಳಿಗಳನ್ನು ಸಿಹಿನೀರಿನಲ್ಲಿ ಬ್ರಷ್ಷು ಹಾಕಿ ಮತ್ತೆ ಮತ್ತೆ ತೊಳೆಯಬೇಕು. ಉಪ್ಪಿನಂಶವಿರುವ ಬೋರ್‌ವೆಲ್ ನೀರಿನಲ್ಲಿ ಕೊನೆಯ ತೊಳೆತ ಬೇಡ.

ತೂತಾದ ಕಡೆ ವೆಲ್ಡಿಂಗ್ ಮಾಡಿಸುವುದಿದ್ದರೆ ಲೈನರಿಗೆ ಮೊದಲೇ ಮಾಡಿಸಿಬಿಡಿ. ಬಳಿದ ಮೇಲೆ ಅದರ ಹತ್ತಿರ ವೆಲ್ಡಿಂಗ್ ಮಾಡಿದರೆ ಪಾಲಿಯುರೆಥೇನ್ ಸುಟ್ಟು, ಹೈಡ್ರೋಜನ್ ಸಯನೈಡ್ ಸೇರಿದಂತೆ ಪ್ರಾಣಕ್ಕೇ ಅಪಾಯ ತರುವ ಹೊಗೆ ಏಳುತ್ತದೆ.

ಜಿಡ್ಡು ತೆಗೆಯಲು ನಮ್ಮ ಕಡೆ ಸೀಮೆಎಣ್ಣೆ ಅಥವಾ ಡೀಸೆಲ್ ಬಳಸುವ ರೂಢಿ ಇದೆ. ಈ ಕೆಲಸಕ್ಕೆ ಎರಡೂ ಆಗದು, ಏಕೆಂದರೆ ಅವು ತಾವೇ ಒಂದು ತೆಳುವಾದ ಎಣ್ಣೆಯ ಪೊರೆಯನ್ನು ಬಿಟ್ಟುಹೋಗುತ್ತವೆ. ಸೋಪಿನ ಪುಡಿಯಿಂದ ಉಜ್ಜಿ ತೊಳೆದು, ತಗಡಿನ ಮೇಲೆ ಒಂದು ಚೊಂಬು ನೀರು ಹಾಕಿ ನೋಡಿ. ನೀರು ಒಂದೇ ಸಮನೆ ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆ ಎಂದರ್ಥ. ಹನಿಹನಿಯಾಗಿ ಒಡೆದುಕೊಂಡರೆ ಮತ್ತೆ ತೊಳೆಯಬೇಕು. ಹಳೆಯ ಬಣ್ಣ ಗಟ್ಟಿಯಾಗಿರುವ ಕಡೆಯಲ್ಲೂ ಅದರ ಹೊಳಪು ಪೂರ್ತಿ ಹೋಗುವಂತೆ 80ನೇ ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಧೂಳು ತೆಗೆದು, ಡಬ್ಬಿಯ ಮೇಲೆ ಸೂಚಿಸಿದ ಥಿನ್ನರಿನಿಂದ ಒರೆಸಬೇಕು. ತಳದ ಉಬ್ಬುಗೆರೆಗಳ ಬದಿಗಳಲ್ಲಿ ಕೈ ಸುಲಭವಾಗಿ ಆಡುವುದಿಲ್ಲ. ಎಲ್ಲರೂ ಅವಸರ ಮಾಡುವುದು ಅಲ್ಲಿ, ಲೈನರ್ ಮೊದಲು ಕಿತ್ತುಬರುವುದೂ ಅಲ್ಲಿಂದಲೇ.

ಬರಿ ಲೋಹ ಕಾಣುವ ಕಡೆಗಳಿಗೆ ಅದೇ ದಿನ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹಚ್ಚಿರಿ. ಕಿಟಕಿ ಸರಳಿಗೂ ಗೇಟಿಗೂ ಬಳಿಯುವ ಸಾಮಾನ್ಯ ರೆಡ್ ಆಕ್ಸೈಡ್ ಅಗ್ಗವೆಂದು ಅದನ್ನೇ ಇಲ್ಲಿಯೂ ಬಳಿಯುವವರಿದ್ದಾರೆ. ಲೈನರಿನಲ್ಲಿರುವ ತೀಕ್ಷ್ಣವಾದ ದ್ರಾವಕ ಆ ಪ್ರೈಮರನ್ನು ಮೆದುಮಾಡಿ ಸುಕ್ಕುಗಟ್ಟಿಸುವುದರಿಂದ ಆ ಉಳಿತಾಯ ನಿಲ್ಲುವಂಥದ್ದಲ್ಲ.

ಎಷ್ಟು ಲೈನರ್ ಬೇಕೆಂಬುದನ್ನು ಅಳೆದೇ ತೀರ್ಮಾನಿಸಿ. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಬಾಡಿಯಾದರೆ ತಳ, ಪಕ್ಕಗಳು, ಮುಂದಿನ ಹಲಗೆ, ಹಿಂದಿನ ಬಾಗಿಲು ಎಲ್ಲ ಸೇರಿ ಸುಮಾರು 86 ಚದರ ಅಡಿಯಾಗುತ್ತದೆ. ಉಬ್ಬುಗೆರೆಗಳನ್ನು ಸೇರಿಸಿದರೆ 100 ಎಂದೇ ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ಬರೆದ ವಿಸ್ತೀರ್ಣ ಒಂದು ಸಲ ಬಳಿಯುವುದಕ್ಕೋ (ಒಂದು ಕೋಟು) ಎರಡು ಸಲ ಬಳಿಯುವುದಕ್ಕೋ ಎಂದು ನೋಡಿಕೊಂಡು ಕೊಳ್ಳಿ. ಅರ್ಧ ಕೆಲಸದಲ್ಲಿ ಡಬ್ಬಿ ಮುಗಿದರೆ ಉಳಿದ ಭಾಗ ಬೇರೆ ದಿನದ ಪಾಲಾಗಿ, ಸೇರುವ ಗೆರೆ ದುರ್ಬಲವಾಗುತ್ತದೆ.

ಬಳಿಯುವಾಗ ಮೂಲೆ, ಸಂದು, ಬೋಲ್ಟುಗಳ ಸುತ್ತ ಮೊದಲು ಬ್ರಷ್ಷಿನಿಂದ ಹಚ್ಚಿ, ಬಳಿಕ ಕ್ಯಾಬಿನ್ ಕಡೆಯಿಂದ ಹಿಂದಕ್ಕೆ ಬರುತ್ತಾ ರೋಲರ್ ಓಡಿಸಿ. ರಬ್ಬರಿನ ಹರಳು ಬೇಗ ತಳ ಸೇರುತ್ತದೆಯಾದ್ದರಿಂದ ಒಬ್ಬರು ಕೋಲಿನಿಂದ ಆಗಾಗ ಕಲಕುತ್ತಲೇ ಇರಬೇಕು. ಗೋಡೆಗೆ ಸುಣ್ಣಬಣ್ಣ ಹೊಡೆಯುವ ಉಣ್ಣೆಯ ರೋಲರ್ ಎಳೆ ಬಿಡುತ್ತದೆ, ಅಗ್ಗದ ಸ್ಪಂಜಿನ ರೋಲರ್ ದ್ರಾವಕದಲ್ಲಿ ಕರಗುತ್ತದೆ; ಲೈನರಿನ ಜೊತೆಗೆ ಬರುವ ಒರಟು ರೋಲರನ್ನೇ ಬಳಸಿ. ನೀರು ಹರಿದುಹೋಗುವ ತೂತುಗಳನ್ನು ಟೇಪು ಹಾಕಿ ಕಾಪಾಡಿಕೊಳ್ಳಿ, ಅವು ಮುಚ್ಚಿಹೋದರೆ ಬಾಡಿಯೊಳಗೆ ನೀರು ನಿಂತು ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಹಿಂದಿನ ಬಾಗಿಲು ಕೂರುವ ಅಂಚಿನಲ್ಲಿ ದಪ್ಪ ಕೋಟು ಬೇಡ, ಬಾಗಿಲು ಹಾಕಲು ಬಿಗಿಯಾಗುತ್ತದೆ. ಲೇಪ ಹಸಿಯಾಗಿರುವಾಗಲೇ ಟೇಪನ್ನು ಎಳೆದು ತೆಗೆಯಬೇಕು.

ಒಂದೇ ದಪ್ಪ ಕೋಟಿಗಿಂತ ಎರಡು ತೆಳು ಕೋಟು ಮೇಲು ಎಂಬುದಕ್ಕೆ ಕಾರಣವಿದೆ. ಒಂದೇ ಡಬ್ಬಿಯಲ್ಲಿ ಬರುವ ಲೈನರ್ ಗಾಳಿಯ ತೇವದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕೋಟು ದಪ್ಪವಾದರೆ ಈ ಅನಿಲ ಒಳಗೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಮೊದಲ ಕೋಟು ಬೆರಳಿಗೆ ಅಂಟದಂತಾಗಿ, ಆದರೆ ಪೂರ್ತಿ ಗಟ್ಟಿಯಾಗುವ ಮೊದಲು ಎರಡನೆಯದನ್ನು ಬಳಿಯಿರಿ. ನಡುವಿನ ಅವಧಿ ಡಬ್ಬಿಯ ಮೇಲೆ ಇರುತ್ತದೆ. ಆ ಅವಧಿ ಮೀರಿದರೆ ಮತ್ತೆ ಎಮರಿ ಪೇಪರ್ ಹಿಡಿಯಲೇಬೇಕು.

ಇನ್ನು ಕಾಲದ ಮಾತು. ಮಂಡ್ಯ, ಮೈಸೂರಿನ ಕಡೆ ಹಿಂಗಾರು ಮುಗಿದ ಮೇಲಿನ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಅನುಕೂಲ. ಆದರೆ ಆಗ ಬೆಳಗಿನ ಇಬ್ಬನಿ ತಗಡಿನ ಮೇಲೆ ಕೂತಿರುತ್ತದೆ. ಅದು ಪೂರ್ತಿ ಆರಿದ ಮೇಲೆ ಆರಂಭಿಸಿ, ಸಂಜೆಯ ತಂಪಿಗೆ ಮುಂಚೆ ಎರಡನೆಯ ಕೋಟೂ ಬೆರಳಿಗೆ ಅಂಟದಂತಾಗುವ ಹಾಗೆ ಹೊತ್ತು ನೋಡಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿಗೆ ಬಳಿದರೆ ದ್ರಾವಕ ಥಟ್ಟನೆ ಆವಿಯಾಗಿ ಮೇಲ್ಮೈ ತುಂಬ ಸೂಜಿಮೊನೆಯಷ್ಟು ರಂಧ್ರಗಳಾಗುತ್ತವೆ.

ಆರೋಗ್ಯದ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಲೇಪದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದು ಆಸ್ತಮಾ ತರಿಸಬಲ್ಲದು. ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಮುಂದೆ ಅತಿ ಸ್ವಲ್ಪ ಆವಿಯೂ ಉಬ್ಬಸ ತರುತ್ತದೆ. ಬಟ್ಟೆಯ ಮಾಸ್ಕೂ ಧೂಳಿನ ಮಾಸ್ಕೂ ಈ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗಳನ್ನು ಹೀರುವ ಕಾರ್ಟ್ರಿಜ್ ಇರುವ ಮುಖವಾಡ, ನೈಟ್ರೈಲ್ ಕೈಗವಸು, ಗಾಳಿಯಾಡುವ ನೆರಳು ಇವು ಇರಲೇಬೇಕು. ಮನೆಯಲ್ಲಿ ಉಬ್ಬಸವಿದ್ದವರು ಈ ಕೆಲಸಕ್ಕೆ ಕೈಹಾಕಬಾರದು, ಮಕ್ಕಳು ಹತ್ತಿರ ಸುಳಿಯಬಾರದು, ಬೀಡಿ ಮತ್ತು ಒಲೆಯ ಬೆಂಕಿ ದೂರವಿರಬೇಕು.

ಕೊನೆಯದಾಗಿ, ಬೆಲ್ಲದ ಅಚ್ಚುಗಳನ್ನು ಲೈನರಿನ ಮೇಲೆ ನೇರವಾಗಿ ಸುರಿಯಬೇಡಿ. ಅದು ಆಹಾರಕ್ಕೆಂದು ಮಾಡಿದ ಲೇಪವಲ್ಲ. ಶುಚಿಯಾದ ಹಾಸಿನ ಮೇಲೆ ಮೂಟೆ ಅಥವಾ ಕ್ರೇಟಿನಲ್ಲಿಯೇ ಇಡಿ.

ಪ್ರಶ್ನೆ: ಲೈನರ್ ಬಳಿದರೆ ರಬ್ಬರ್ ಮ್ಯಾಟಿನ ಅಗತ್ಯವಿಲ್ಲವೇ? ನಾವು ಸೈಜುಗಲ್ಲನ್ನೂ ತುಂಬುತ್ತೇವೆ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಮ್ಯಾಟ್ ಬೇಕೇ ಬೇಕು. ರೋಲರಿನಿಂದ ಬಳಿದ ಲೇಪ ಸಾಮಾನ್ಯವಾಗಿ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದು ಗೀರು, ನೀರು, ಗೊಬ್ಬರಗಳಿಂದ ಕಾಪಾಡುತ್ತದೆಯೇ ಹೊರತು ಕಲ್ಲು ಬಿದ್ದಾಗ ತಗಡು ನೆಗ್ಗುವುದನ್ನು ತಡೆಯಲಾರದು. ಮ್ಯಾಟಿನ ಅಡಿಯಲ್ಲಿ ತೇವ ನಿಲ್ಲುವುದರಿಂದ ಅದನ್ನು ಆಗಾಗ ಎತ್ತಿ ತೊಳೆದು ಒಣಗಿಸಿ. ಹೊಸದಾಗಿ ಬಳಿದ ಮೇಲೆ ಮೂರು ದಿನವಾದರೂ ಭಾರ ಹೇರದಿರುವುದು, ಕಲ್ಲಿನಂಥ ಸರಕಿಗೆ ಒಂದು ವಾರ ಕಾಯುವುದು ಒಳ್ಳೆಯದು.

ಪ್ರಶ್ನೆ: ಕಳೆದ ವರ್ಷ ಬಳಿದ ಲೈನರ್ ಹಿಂದಿನ ಬಾಗಿಲ ಹತ್ತಿರ ಎದ್ದಿದೆ, ಉಳಿದ ಕಡೆ ಕಪ್ಪು ಬಣ್ಣ ಬೂದಿಯಾಗಿದೆ. ಎಲ್ಲವನ್ನೂ ಕಿತ್ತು ಹಾಕಬೇಕೇ?
— ಓದುಗರು, ನಂಜನಗೂಡು

ಉತ್ತರ: ಬೇಕಿಲ್ಲ. ಎದ್ದ ಭಾಗವನ್ನು ಚಾಕುವಿನಿಂದ ಕತ್ತರಿಸಿ, ಬಿಗಿಯಾಗಿ ಹಿಡಿದಿರುವ ಅಂಚು ಸಿಗುವವರೆಗೆ ಎಳೆದು ತೆಗೆಯಿರಿ. ಕೆಳಗೆ ಕಾಣುವುದು ಹೊಳಪಿನ ಹಳೆಯ ಬಣ್ಣವಾದರೆ ಉಜ್ಜಿದ್ದು ಸಾಲಲಿಲ್ಲ ಎಂದು ತಿಳಿಯಿರಿ, ತುಕ್ಕಾದರೆ ಮೇಲೆ ಹೇಳಿದಂತೆ ಮೊದಲಿನಿಂದ ಮಾಡಿ. ಸುತ್ತಲಿನ ಹಳೆಯ ಲೈನರನ್ನೂ ಎರಡು ಮೂರು ಅಂಗುಲದಷ್ಟು ಉಜ್ಜಿ, ಹೊಸ ಲೇಪ ಅದರ ಮೇಲೆ ಹಾಯುವಂತೆ ಬಳಿಯಿರಿ. ಬಣ್ಣ ಬೂದಿಯಾಗುವುದು ಬಿಸಿಲಿನ ಅತಿನೇರಳೆ ಕಿರಣದಿಂದ. ಆರೊಮ್ಯಾಟಿಕ್ ಬಗೆಯ ಲೈನರುಗಳಲ್ಲಿ ಇದು ಸಹಜ, ಹೆಚ್ಚಾಗಿ ಮೇಲ್ಮೈಗಷ್ಟೇ ಸೀಮಿತ. ನೋಟ ಮುಖ್ಯವೆನಿಸಿದರೆ ಬಿಸಿಲು ತಾಳುವ ಅಲಿಫ್ಯಾಟಿಕ್ ಬಗೆಯ ಒಂದು ಕೋಟನ್ನು ಮೇಲೆ ಬಳಿಯಬಹುದು. ಹಳೆಯ ಡಬ್ಬಿಯಲ್ಲಿ ಉಳಿದಿದ್ದು ತೇವ ತಾಗಿ ಗಂಟುಗಟ್ಟಿದ್ದರೆ ಥಿನ್ನರ್ ಹಾಕಿ ತಿಳಿ ಮಾಡಲು ಹೋಗದೆ ಹೊಸದನ್ನೇ ತನ್ನಿ.