ಸಂಪಾದಕರ ಉತ್ತರ: ರೆಕಾರ್ಡು ಸವೆದಿಲ್ಲ ಸರ್

ಓದುಗರ ಪತ್ರದ ಸಾರ: "ನಂಗೆ 53 ವರ್ಷ. ಆರುನೂರು ಜಾಝ್ ಎಲ್‌ಪಿ ಇವೆ, ಒಂದು ಸಿಂಗಲ್ ಸಿಲಿಂಡರ್ ಬೈಕಿದೆ. ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಕಾಲ ಹೈವೇ ರೈಡು, ಬಂದ ತಕ್ಷಣ ರೆಕಾರ್ಡು. ಈಚೆಗೆ ರೆಕಾರ್ಡುಗಳೆಲ್ಲ ಮಂಕಾಗಿವೆ, ಸಿಂಬಲ್ (ಡ್ರಮ್ಮಿನ ಜೊತೆಗಿರೋ ಲೋಹದ ತಟ್ಟೆ) ಸದ್ದೇ ಇಲ್ಲ. ಸೂಜಿ ಬದಲಾಯಿಸಿದೆ, ಸೂಜಿ ಕೂರೋ ಕಾರ್ಟ್ರಿಜ್ ಬದಲಾಯಿಸಿದೆ, ರೆಕಾರ್ಡ್ ತೊಳೆದೆ, ಏನೂ ಆಗ್ಲಿಲ್ಲ. ನಲವತ್ತು ಎಲ್‌ಪಿ ಸವೆದಿವೆ ಅಂತ ಬೇರೆ ತೆಗೆದಿಟ್ಟಿದೀನಿ, ಯಾರಿಗಾದ್ರೂ ಕೊಟ್ಬಿಡ್ಲಾ? ಮನೇಲಿ ಬೈಕೋ ರೆಕಾರ್ಡೋ ಒಂದನ್ನ ಬಿಡಿ ಅಂತಿದಾರೆ. ಹೆಲ್ಮೆಟ್ ಒಳಗೆ ಸ್ಪೀಕರ್ ಹಾಕಿಸ್ಕೊಂಡ್ರೆ ಎರಡೂ ಒಟ್ಟಿಗೇ ಆಗತ್ತಲ್ವಾ?"

ನಮಸ್ಕಾರ ಸರ್. ನಾಲ್ಕು ಪೇಜು, ಎರಡೂ ಕಡೆ ಬರೆದಿದೀರಿ, ಒಂದೇ ಸಲಕ್ಕೆ ಓದಿದೆ. ಮೊದಲು ಆ ನಲವತ್ತು ರೆಕಾರ್ಡಿನ ಮೇಲಿಂದ ಕೈ ತೆಗೀರಿ, ಯಾರಿಗೂ ಕೊಡ್ಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಅದಕ್ಕೆ ಮುಂಚೆ ಸ್ವಲ್ಪ ಹರಟೆ, ಯಾಕಂದ್ರೆ ಈ ಎರಡೂ ಹುಚ್ಚು ಒಟ್ಟಿಗೆ ಇರೋರು ನಮ್ಮ ಪತ್ರಿಕೆಗೆ ಬರೆಯೋದು ಅಪರೂಪ, ಮತ್ತೆ ಈ ಕಾಯಿಲೆ ನಂಗೂ ಇದೆ.

ರೆಕಾರ್ಡ್ ತಗೊಳ್ವಾಗ ಲೇಬಲ್ ಪಕ್ಕದ ಖಾಲಿ ಜಾಗನ ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ನೋಡ್ತೀನಿ ಅಂತ ಬರೆದಿದೀರಲ್ಲ, ಹಳೇ ಗಾಡಿ ತಗೊಳ್ಳೋಕೆ ಹೋದವನು ಬಟ್ಟೆಯಲ್ಲಿ ಎಣ್ಣೆ ಕೊಳೆ ಒರೆಸಿ ಇಂಜಿನ್ ನಂಬರ್ರು, ಚಾಸಿ ನಂಬರ್ರು ತಾಳೆ ನೋಡೋದೂ ಹೀಗೇ. ಬ್ಲೂ ನೋಟ್ ಅನ್ನೋ ಜಾಝ್ ಕಂಪನಿಯ ರೆಕಾರ್ಡಲ್ಲಿ ಆ ಜಾಗದಲ್ಲಿ ಆರ್‌ವಿಜಿ ಅಂತ ಮೂರಕ್ಷರ ಸಿಕ್ಕಿದ್ರೆ ಎದೆ ಡವಡವ ಅನ್ನತ್ತೆ ನೋಡಿ, ಅದು ರೆಕಾರ್ಡಿಂಗ್ ಇಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಗುರುತು. ಆ ಮನುಷ್ಯ ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡ್ತಿದ್ದೋನು, ಸಂಜೆ ಆದ್ರೆ ನ್ಯೂ ಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲಲ್ಲಿ ಮೈಕ್ ಹಾಕ್ಕೊಂಡು ರೆಕಾರ್ಡಿಂಗು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಆಗೋ ತನಕ ಹೀಗೇ ನಡೀತು. ಅಲ್ಲೇ ಪಕ್ಕದಲ್ಲಿ ಇನ್ನೊಂದು ಪುಟ್ಟ ಗುರುತಿರತ್ತೆ, ಪ್ಲಾಸ್ಟಿಲೈಟ್ ಅನ್ನೋ ಪ್ರೆಸ್ಸಿಂಗ್ ಫ್ಯಾಕ್ಟರಿಯ, ಅಂದ್ರೆ ರೆಕಾರ್ಡ್ ಅಚ್ಚು ಹಾಕೋ ಕಡೆಯ, "ಪಿ" ಅಕ್ಷರ, ಕೂಡಕ್ಷರದಲ್ಲಿ ಬರೆದಿದ್ದಕ್ಕೆ ಅದು ಥೇಟ್ ಕಿವಿ ಥರಾನೇ ಕಾಣತ್ತೆ, ಕಲೆಕ್ಟರುಗಳೂ ಅದನ್ನ ಕಿವಿ ಅಂತಾನೇ ಕರೀತಾರೆ. 1966ರಲ್ಲಿ ಆ ಕಿವಿ ನಿಂತೋಯ್ತು, ಹಾಗಾಗಿ ಅದಿದ್ರೆ ಹಳೇ ಪ್ರೆಸ್ಸಿಂಗ್ ಅಂತ ಲೆಕ್ಕ. ಈ ಕಿವಿ ವಿಷಯ ನೆನಪಲ್ಲಿಟ್ಕೊಳ್ಳಿ, ಮತ್ತೆ ಬರತ್ತೆ.

ಇನ್ನು ಸ್ಪೀಡು. ಆರ್‌ಪಿಎಂ ಬೇರೆ ವೇಗ ಬೇರೆ ಅಂತ ಗಾಡಿ ಓಡಿಸೋರಿಗೆ ಹೇಳ್ಕೊಡ್ಬೇಕಿಲ್ಲ, ಎಲ್‌ಪಿಯಲ್ಲೂ ಅದೇ ಕತೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ಸುತ್ತತ್ತೆ, ಶುರುವಿಂದ ಕೊನೆ ತನಕ ಅದು ಬದಲಾಗಲ್ಲ. ಆದ್ರೆ ಸೂಜಿ ಕೆಳಗೆ ಗ್ರೂವ್ (ತಟ್ಟೆ ಮೇಲಿನ ಗೀರು) ಓಡೋ ವೇಗ ಹೊರ ಅಂಚಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಇದ್ದಿದ್ದು ಒಳಗಡೆ ಲೇಬಲ್ ಹತ್ರ ಬರೋ ಹೊತ್ತಿಗೆ 20 ಚಿಲ್ಲರೆಗೆ ಇಳಿದಿರತ್ತೆ. ಅಷ್ಟೇ ಸದ್ದನ್ನ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿರ್ತಾರೆ, ಅದಕ್ಕೇ ಪ್ರತಿ ಸೈಡಿನ ಕೊನೇ ಹಾಡು ಸ್ವಲ್ಪ ಮಬ್ಬು. ಒಂದಿನ ಸುಮ್ನೆ ಕೂತು ಲೆಕ್ಕ ಹಾಕಿದ್ದೆ, 22 ನಿಮಿಷದ ಒಂದು ಸೈಡಲ್ಲಿ ಸೂಜಿ ಒಟ್ಟು ಕ್ರಮಿಸೋ ದೂರ ಅರ್ಧ ಕಿಲೋಮೀಟರ್ರೂ ಆಗಲ್ಲ, 475 ಮೀಟರ್ ಆಸುಪಾಸು. ಗಂಟೆಗೆ 60ರಲ್ಲಿ ಹೋದ್ರೆ ನಿಮ್ಮ ಬೈಕಿಗೆ ಅದು ಅರ್ಧ ನಿಮಿಷದ ದಾರಿ, ಅಷ್ಟರಲ್ಲಿ ಒಬ್ಬ ಮನುಷ್ಯನ ಇಡೀ ಸಂಜೆ ಇದೆ.

ಸ್ಪೀಡಿನ ಮಾತು ಬಂತಲ್ಲ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ ಆಲ್ಬಮ್ಮಿನ ಹಳೇ ಪ್ರೆಸ್ಸಿಂಗ್ ನಿಮ್ಹತ್ರ ಇದೆ, ಅದರ ಜೊತೆ ಪಿಯಾನೋ ನುಡಿಸೋಕೆ ಕೂತ್ರೆ ಮೊದಲನೇ ಸೈಡು ಶೃತಿ ಸೇರಲ್ಲ ಅಂದಿದೀರಿ. ನಿಮ್ಮ ಟರ್ನ್‌ಟೇಬಲ್ಲಿದು ತಪ್ಪಿಲ್ಲ. 1959ರ ಮಾರ್ಚ್ 2ರಂದು ಮೊದಲನೇ ದಿನದ ರೆಕಾರ್ಡಿಂಗ್ ಆದಾಗ ಮಾಸ್ಟರ್ ಟೇಪ್ ಮೆಷಿನ್ನಿನ ಮೋಟಾರು ಒಂಚೂರು ನಿಧಾನ ಓಡ್ತಿತ್ತು. ನಿಧಾನಕ್ಕೆ ತುಂಬಿದ್ದನ್ನ ಸರಿಯಾದ ಸ್ಪೀಡಲ್ಲಿ ಬಿಟ್ರೆ ಏನಾಗತ್ತೆ, ಶೃತಿ ಮೇಲೆ ಹೋಗತ್ತೆ. ಆವತ್ತಿನ ಮೂರು ಹಾಡೂ ಮೊದಲನೇ ಸೈಡಲ್ಲಿವೆ. ಏಪ್ರಿಲ್ 22ರ ರೆಕಾರ್ಡಿಂಗು ಸರಿಯಾಗೇ ಇದೆ, ಅದಕ್ಕೇ ಎರಡನೇ ಸೈಡಿಗೆ ತೊಂದ್ರೆ ಇಲ್ಲ. ಇದನ್ನ ಸರಿ ಮಾಡಿ ಬಿಟ್ಟಿದ್ದು 1990ರ ದಶಕದಲ್ಲಿ, ಅಂದ್ರೆ ಮೂವತ್ತು ಚಿಲ್ಲರೆ ವರ್ಷ ಜನ ಅದೇ ಏರಿದ ಶೃತೀಲೇ ಕೇಳಿ ಕೇಳಿ ಪ್ರೀತಿಸಿದಾರೆ. ನಂಗಂತೂ ಈಗ್ಲೂ ತಪ್ಪಿರೋದೇ ಇಷ್ಟ, ಸರಿ ಮಾಡಿದ್ದು ಯಾಕೋ ತೂಕಡಿಸಿದ ಹಾಗೆ ಕೇಳತ್ತೆ.

ಸರಿ, ಈಗ ನಿಮ್ಮ ಸಿಂಬಲ್ ವಿಷಯ.

ನಿಮ್ಮ ಪತ್ರದಲ್ಲೇ ಉತ್ತರ ಇದೆ, ನೀವು ಗಮನಿಸಿಲ್ಲ ಅಷ್ಟೆ. ಟ್ರಂಪೆಟ್ ಚೆನ್ನಾಗಿದೆ, ಬೇಸ್ ಚೆನ್ನಾಗಿದೆ, ಪಿಯಾನೋ ಸ್ಪಷ್ಟವಾಗಿದೆ, ಸಿಂಬಲ್ ಮತ್ತೆ ಡ್ರಮ್ ಸವರೋ ಬ್ರಷ್ಷು ಮಾತ್ರ ಇಲ್ಲ ಅಂದಿದೀರಿ. ನಲವತ್ತು ರೆಕಾರ್ಡು, ಬೇರೆ ಬೇರೆ ಕಂಪನಿದು, ಬೇರೆ ಬೇರೆ ಕಾಲದ್ದು, ಬೇರೆ ಬೇರೆ ಮಾಲೀಕರ ಕೈಲಿ ಬೇರೆ ಬೇರೆ ಸೂಜಿಗೆ ಸಿಕ್ಕಿ ಬಂದಿದ್ದು, ಅವೆಲ್ಲ ಮಾತಾಡ್ಕೊಂಡ ಹಾಗೆ ಒಂದೇ ಜಾಗದಲ್ಲಿ ಸವೆಯೋಕೆ ಆಗತ್ತಾ? ಅದೂ ಅಲ್ದೆ ನಿಜವಾಗಿ ಸವೆದ ರೆಕಾರ್ಡು ಮಂಕಾಗಿ ತೆಪ್ಪಗೆ ಕೂರಲ್ಲ, ಟ್ರಂಪೆಟ್ಟು ಜೋರಾದ ಕಡೆ ಬರಬರ ಅಂತ ಒಡೆಯತ್ತೆ. ಸೈಡಿನ ಕೊನೇ ಹಾಡು ಮಾತ್ರ ಮಬ್ಬಾಗಿದ್ರೆ ಮೇಲೆ ಹೇಳಿದ ಕಾರಣ, ಇಲ್ಲಾ ಕಾರ್ಟ್ರಿಜ್ ಸೊಟ್ಟಗೆ ಕೂತಿದೆ ಅನ್ಬಹುದಿತ್ತು. ನಿಮಗೆ ಮೊದಲನೇ ಹಾಡಿಂದಾನೇ ಇಲ್ಲ.

ಮೂರು ವರ್ಷದ ಹಿಂದೆ ನನ್ನ ಕತೆ ಹೇಳ್ತೀನಿ. ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಹತ್ರ ಕೆಲಸ ಕಲೀತಿದ್ದ ಹುಡುಗ, ಹದಿನೆಂಟಿರಬೇಕು, "ಸರ್ ಟ್ಯಾಪೆಟ್ ಸೌಂಡ್ ಬರ್ತಿದೆ, ಎಷ್ಟು ದಿನದಿಂದ ಹೀಗೆ ಓಡಿಸ್ತಿದೀರಾ" ಅಂದ. ನಂಗೆ ಏನೂ ಕೇಳ್ತಿಲ್ಲ. ಬಗ್ಗಿದೆ, ಟ್ಯಾಂಕಿನ ಪಕ್ಕಕ್ಕೆ ತಲೆ ತಗೊಂಡೋದೆ, ಸೈಲೆನ್ಸರಿನ ಗುಡುಗುಡು ಬಿಟ್ರೆ ಬೇರೇನಿಲ್ಲ. ಅವನು ಒಂದು ಉದ್ದದ ಸ್ಕ್ರೂಡ್ರೈವರ್ ತಂದು ತುದಿನ ಇಂಜಿನ್ ಹೆಡ್ಡಿಗೆ ಒತ್ತಿ, ಹಿಡಿನ ನನ್ನ ಕಿವಿ ಹಿಂದಿನ ಮೂಳೆಗೆ ಇಟ್ಟ. ಆಗ ಕೇಳ್ತು, ಟಿಕಟಿಕಟಿಕ, ಹೊಲಿಗೆ ಮಷಿನ್ ಥರ. ಅವನಿಗೆ ಅದು ಆರಡಿ ದೂರದಿಂದ ಕೇಳ್ತಿತ್ತು. ಆ ಹೊತ್ತಿಗಾಗ್ಲೇ ನಾನು ಎರಡು ಕಾರ್ಟ್ರಿಜ್ ಬದಲಾಯಿಸಿ ಮೂರನೇದಕ್ಕೆ ಕೈ ಹಾಕಿದ್ದೆ, ಸ್ಪೀಕರಿಗೆ ಬೈದಿದ್ದೆ, ನಿಮ್ಮ ಥರಾನೇ. ಮಾರನೇ ವಾರ ಕಿವಿ ಪರೀಕ್ಷೆ ಮಾಡೋ ಆಡಿಯಾಲಜಿಸ್ಟ್ ಹತ್ರ ಹೋದೆ. ಗ್ರಾಫ್ ಕೊಟ್ರು, ಗೆರೆ ಒಂದೇ ಸಮ ಬಂದು 4000 ಹರ್ಟ್ಸ್, ಅಂದ್ರೆ ಎತ್ತರದ ಸದ್ದುಗಳ ಹತ್ರ ದೊಡ್ಡ ಹೊಂಡ ಬಿದ್ದಿದೆ, ಮುಂದೆ ಸ್ವಲ್ಪ ಏರಿದೆ. ಅವರು ಪೇಪರ್ ನೋಡಿ ಕೇಳಿದ ಮೊದಲನೇ ಪ್ರಶ್ನೆ, ಫ್ಯಾಕ್ಟರೀಲಿ ಕೆಲಸನಾ, ಬೈಕಾ? ಆ ಕಿವಿ ಗುರುತಿಗೋಸ್ಕರ ಟಾರ್ಚ್ ಹಿಡ್ಕೊಂಡು ಧೂಳಿನ ಡಬ್ಬ ಎಲ್ಲ ತಡಕಾಡಿದೀನಿ, ನನ್ನೆರಡು ಕಿವೀನ ಒಂದಿನ ತೋರಿಸಿರ್ಲಿಲ್ಲ.

ಪಿಯಾನೋದ ಕಟ್ಟಕಡೇ ಮೇಲಿನ ಕೀಲಿ 4186 ಹರ್ಟ್ಸು. ಅಂದ್ರೆ ಎಲ್ಲಾ ವಾದ್ಯದ ಸ್ವರಗಳು ಹೆಚ್ಚೂಕಮ್ಮಿ ಅದರ ಕೆಳಗೇ ಮುಗಿದೋಗತ್ತೆ, ಹಾಗಾಗಿ ಹೊಂಡ ಇದ್ರೂ ಟ್ಯೂನ್ ಪೂರ್ತಿ ಕೇಳತ್ತೆ, ಏನೂ ಕಳ್ಕೊಂಡಿಲ್ಲ ಅನ್ಸತ್ತೆ. ಹೋಗೋದು ಅದರ ಮೇಲಿನ ಮಿಂಚು, ಬ್ರಷ್ಷು ಸ್ನೇರ್ ಡ್ರಮ್ಮನ್ನ ಸವರೋ ಸದ್ದು, ಸ್ಯಾಕ್ಸೋಫೋನ್ ರೀಡಲ್ಲಿ ಉಸಿರು ಸರಿಯೋದು, ಸಿಂಬಲ್ಲಿಗೆ ಕಡ್ಡಿ ತಾಗೋ ಆ ತುದಿ. ಬೇರೆ ಸಂಗೀತದಲ್ಲಾದ್ರೆ ಹೋಗ್ಲಿ ಅನ್ಬಹುದು, ಜಾಝಲ್ಲಿ ಅನ್ನೋ ಹಾಗಿಲ್ಲ. ಮೊದಲು ದೊಡ್ಡ ಡ್ರಮ್ಮನ್ನ ಕಾಲಲ್ಲಿ ಗುದ್ದಿ ತಾಳ ಹಿಡೀತಿದ್ರು. ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಬಂದು ಆ ಕೆಲಸನ ಕಾಲಿಂದ ಕಿತ್ತು ಕೈಗೆ ಕೊಟ್ಟ, ತಾಳ ಎಲ್ಲಾ ಸಿಂಬಲ್ ಮೇಲೆ, ಡ್ರಮ್ಮು ಅಲ್ಲಲ್ಲಿ ಢಮ್ ಅನ್ನೋಕೆ ಮಾತ್ರ. 1940ರ ದಶಕದ ಬೀಬಾಪ್ ಅನ್ನೋ ಜಾಝ್ ಶೈಲಿ ಅಷ್ಟು ಹಗುರ ಹಾರಿದ್ದಕ್ಕೆ ಇದೂ ಒಂದು ಕಾರಣ. ಆ ಸಿಂಬಲ್ಲಿನ ಹೆಸರೇ ರೈಡ್ ಸಿಂಬಲ್, ನಿಮಗೆ ಬೇರೆ ಹೇಳ್ಬೇಕಾ. ಅದು ಕೇಳಿಸ್ದೆ ಹೋದ್ರೆ ರೋಡೇ ಕಾಣ್ಸದೆ ಗಾಡಿ ಓಡಿಸಿದ ಹಾಗೆ.

ಬೈಕು ಕಿವಿ ಹಾಳು ಮಾಡತ್ತೆ ಅಂದ್ರೆ ತಪ್ಪು ಸೈಲೆನ್ಸರಿಂದು ಅಂತ ಎಲ್ರೂ ಅಂದ್ಕೋತಾರೆ. ಅಲ್ಲ. ಗಂಟೆಗೆ 60-70 ದಾಟಿದ ಮೇಲೆ ಕಿವೀಲಿ ಇಂಜಿನ್ನಿಗಿಂತ ಗಾಳಿ ಸದ್ದೇ ಜಾಸ್ತಿ, ಗಲ್ಲದ ಕೆಳಗೆ ಹೆಲ್ಮೆಟ್ಟಿನ ಅಂಚಲ್ಲಿ ಗಾಳಿ ಸುಳಿ ಸುತ್ತಿ ಒಳಗೆ ಗುಂಯ್ ಅನ್ನತ್ತೆ. ನೂರರ ಹತ್ರ ಹೋದ್ರೆ ಹೆಲ್ಮೆಟ್ ಒಳಗೆ 95ರಿಂದ 100 ಡೆಸಿಬೆಲ್, ಹೆಲ್ಮೆಟ್ ತಲೆ ಒಡೀದೇ ಇರೋಕೆ, ಸದ್ದು ತಡೆಯೋಕಲ್ಲ. ಸದ್ದಿನಲ್ಲಿ ಕೆಲಸ ಮಾಡೋರಿಗೆ ಒಂದು ಲೆಕ್ಕ ಇದೆ, 85 ಡೆಸಿಬೆಲ್ಲಲ್ಲಿ ದಿನಕ್ಕೆ ಎಂಟು ಗಂಟೆ ಇರ್ಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಟೈಮು ಅರ್ಧ. ಹಾಗೆ ಇಳಿಸ್ಕೊಂಡು ಬನ್ನಿ, 100ಕ್ಕೆ ಕಾಲು ಗಂಟೆ. ನಿಮ್ಮದು ವಾರಕ್ಕೆ ನಾಲ್ಕು ಗಂಟೆ, ಎಷ್ಟು ವರ್ಷದಿಂದ ಅಂತ ನೀವೇ ಬರೆದಿದೀರಿ, ಹತ್ತೊಂಬತ್ತು. ಒಳಕಿವಿಯ ಆ ಸೂಕ್ಷ್ಮ ಕೂದಲಿನ ಜೀವಕೋಶಗಳು ಒಂದ್ಸಲ ಹೋದ್ರೆ ನಮ್ಮಲ್ಲಿ ಮತ್ತೆ ಹುಟ್ಟಲ್ಲ.

ಇನ್ನೊಂದು ಎಡವಟ್ಟು ನೀವು ಮಾಡ್ತಿರೋದು, ನಾನೂ ಮಾಡ್ತಿದ್ದೆ, ರೈಡಿಂದ ಬಂದ ತಕ್ಷಣ ರೆಕಾರ್ಡ್ ಹಾಕೋದು. ಲಾಂಗ್ ರೈಡ್ ಆದ್ಮೇಲೆ ಕಿವಿಗೆ ಹತ್ತಿ ಇಟ್ಟ ಹಾಗೆ ಇರತ್ತಲ್ಲ, ಅದು ಕಿವಿ ದಣಿದಿರೋದು, ಇಳಿಯೋಕೆ ಕೆಲವು ಗಂಟೆಯಿಂದ ಒಂದೆರಡು ದಿನ ಬೇಕು. ಆ ಹೊತ್ತಲ್ಲಿ ಸಿಂಬಲ್ ಕೇಳಲ್ಲ, ಕೇಳಲ್ಲ ಅಂತ ವಾಲ್ಯೂಮ್ ಏರಿಸ್ತೀವಿ, ದಣಿದ ಕಿವಿಗೆ ಇನ್ನೊಂದು ಏಟು. ನಾನೀಗ ಶನಿವಾರ ರಾತ್ರಿ ಕೇಳ್ತೀನಿ, ಭಾನುವಾರ ಓಡಿಸ್ತೀನಿ. ಕ್ರಮ ಬದಲಾಯಿಸಿದ್ದಷ್ಟೇ, ವಾಲ್ಯೂಮು ಎರಡು ಗೆರೆ ಕೆಳಗೆ ಬಂತು.

ಫೋಮ್ ಇಯರ್‌ಪ್ಲಗ್ ತಗೊಳ್ಳಿ, ನಿಮ್ಮ ಕಡೆ ಕಾನೂನು ಏನನ್ನತ್ತೆ ಒಂದ್ಸಲ ನೋಡ್ಕೊಂಡು. ಹಾಕೋದ್ರಲ್ಲಿ ಎಲ್ರೂ ಎಡವೋದು, ಸುಮ್ನೆ ಬಾಟ್ಲಿ ಬಾಯಿಗೆ ಬಿರಡೆ ಒತ್ತಿದ ಹಾಗೆ ಒತ್ತಿದ್ರೆ ಪ್ರಯೋಜನ ಇಲ್ಲ. ಬೆರಳಲ್ಲಿ ಹೊಸೆದು ಬತ್ತಿ ಥರ ತೆಳ್ಳಗೆ ಮಾಡ್ಕೊಳ್ಳಿ, ಇನ್ನೊಂದು ಕೈ ತಲೆ ಹಿಂದಿಂದ ತಂದು ಕಿವಿನ ಮೇಲಕ್ಕೆ ಹಿಂದಕ್ಕೆ ಎಳೀರಿ, ಒಳಗೆ ತಳ್ಳಿ, ಉಬ್ಬೋ ತನಕ ಅರ್ಧ ನಿಮಿಷ ಬೆರಳು ತೆಗೀಬೇಡಿ. ಮೊದಲನೇ ದಿನ ಬಾವಿಯೊಳಗೆ ಕೂತು ಓಡಿಸಿದ ಹಾಗನ್ಸತ್ತೆ, ಇದೇನಪ್ಪಾ ಅಂತ ನಾನು ಹತ್ತು ನಿಮಿಷಕ್ಕೇ ಕಿತ್ತಿದ್ದೆ. ಮೂರನೇ ದಿನದ ಹೊತ್ತಿಗೆ ವಿಚಿತ್ರ ಆಯ್ತು, ಗಾಳಿಯ ಗಲಾಟೆ ಹಿಂದೆ ಸರಿದಿದ್ದಕ್ಕೆ ಇಂಜಿನ್ನಿನ ಬಡಿತ ಒಂದೊಂದೇ ಬಿಡಿಬಿಡಿಯಾಗಿ ಸಿಗೋಕೆ ಶುರುವಾಯ್ತು, ಹಾರ್ನೂ ಕೇಳತ್ತೆ.

ಹೆಲ್ಮೆಟ್ ಸ್ಪೀಕರಿಗೆ ನನ್ನ ಉತ್ತರ: ಹಾಕಿಸ್ಬೇಡಿ. 95 ಡೆಸಿಬೆಲ್ ಗಾಳಿ ಮೇಲೆ ಹಾಡು ಕೇಳ್ಬೇಕಂದ್ರೆ ಅದಕ್ಕಿಂತ ಜೋರಾಗಿ ಇಡ್ಬೇಕು, ಅಷ್ಟಾದ್ರೂ ಮೊದಲು ಮುಳುಗೋದು ಸ್ಟ್ಯಾಂಡಪ್ ಬೇಸ್, ಆಮೇಲೆ ಮೆತ್ತಗಿನ ಪಿಯಾನೋ. ಉಳಿಯೋದು ಟ್ರಂಪೆಟ್ಟಿನ ಕಿರುಚಾಟ ಒಂದೇ.

ಇನ್ನು ಬೈಕಲ್ಲಿ ರೆಕಾರ್ಡ್ ತರೋದು ಹೇಗೆ ಅಂತ ಕೊನೇಲಿ ಕೇಳಿದೀರಿ, ಬೇಗ ಹೇಳ್ಬಿಡ್ತೀನಿ. ಎರಡು ಗಟ್ಟಿ ಪ್ಲೈವುಡ್ ಹಲಗೆ ಮಧ್ಯೆ ಇಡಿ, ಸೀಟಿಗೆ ಎಲಾಸ್ಟಿಕ್ ಹಗ್ಗ ಬಿಗಿಬೇಡಿ ಬಾಗತ್ತೆ, ತಟ್ಟೆನ ಕವರಿಂದ ಹೊರಗೆ ತೆಗೆದು ಪಕ್ಕದಲ್ಲಿಡಿ, ಇಲ್ದಿದ್ರೆ ಅದುರಿ ಅದುರಿ ಕವರಿನ ಅಂಚು ಸೀಳ್ಕೊಂಡು ಆಚೆ ಬರತ್ತೆ. ಕರೀ ಬ್ಯಾಗಲ್ಲಿ ಬಿಸಿಲಿಗೆ ನಿಲ್ಲಿಸ್ಬೇಡಿ. ಒಂದು ಎಲ್‌ಪಿ ಹಪ್ಪಳ ಆದ್ಮೇಲೆ ಕಲಿತಿದ್ದು ಇದು.

ಎರಡರಲ್ಲಿ ಒಂದು ಬಿಡಿ ಅಂತ ಮನೆಯವರು ಅಂದಿದ್ದಕ್ಕೆ ನಾನು ತೀರ್ಪು ಕೊಡಲ್ಲ, ಆದ್ರೆ ಅವರು ಹೇಳಿದ್ದಕ್ಕೆಲ್ಲ ನೀವು "ಆಂ?" ಅಂತೀರಿ ಅನ್ನೋ ದೂರನ್ನೂ ಅದೇ ಸಾಲಲ್ಲಿ ತಮಾಷೆ ಅಂತ ಬರೆದಿದೀರಿ. ತಮಾಷೆ ಅಲ್ಲ ಅದು, ಸಕಾರ ಶಕಾರ ಎಲ್ಲಾ ಆ ಎತ್ತರದ ಸದ್ದುಗಳೇ, ಹೊಂಡಕ್ಕೆ ಮೊದಲು ಬೀಳೋದು ಅವೇ. ಹೋಗಿ ಟೆಸ್ಟ್ ಮಾಡಿಸ್ಕೊಳ್ಳಿ. ಅದಕ್ಕೂ ಮುಂಚೆ ಒಂದು ಕೆಲಸ, ಕಾಲೇಜಿಗೆ ಹೋಗೋ ಮಗಳಿದಾಳೆ ಅಂದ್ರಲ್ಲ, ಆ ನಲವತ್ತರಲ್ಲಿ ತೀರಾ ಹಾಳಾಗಿದೆ ಅಂತ ನಿಮಗನ್ಸಿರೋ ಒಂದನ್ನ ಹಾಕಿ, ಮೊದಲನೇ ಹಾಡು, ಅವಳನ್ನ ಕೂರಿಸಿ, ಏನೂ ಹೇಳ್ಕೊಡ್ದೆ, ಹಿಂದ್ಗಡೆ ಛಿನ್ ಛಿನ್ ಅಂತ ಏನಾದ್ರೂ ಕೇಳ್ತಿದ್ಯಾ ಅಂತ ಕೇಳಿ. ಅವಳೇನಂದ್ಲು ಅಂತ ನಂಗೊಂದು ಕಾರ್ಡ್ ಹಾಕಿ, ಈ ಸಲ ನಾಲ್ಕು ಪೇಜ್ ಬೇಡ.